ಮನಗಾಣಿಸುವ ಗದ್ಯ: ವಾದಪ್ರಬಂಧದ ರಚನೆಯನ್ನು ಕುರಿತು ಕೆಲವು ವಿಚಾರಗಳು

೧

ಕನ್ನಡದಲ್ಲಿ ‘ಪ್ರಬಂಧ’ ಎಂಬ ಮಾತು ಇಂದು ಮುಖ್ಯವಾಗಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಒಂದು ಲಲಿತ ಪ್ರಬಂಧ, ಇನ್ನೊಂದು ಸಂಶೋಧನ ಪ್ರಬಂಧ. ಮೊದಲನೆಯದು ಓದುಗನನ್ನು ರಂಜಿಸುತ್ತ ಜೊತೆಗೆ ಕರೆದೊಯ್ಯುತ್ತದೆ; ಎರಡನೆಯದು ಆಕರಗಳನ್ನು ಕಲೆಹಾಕಿ ಅವನಿಗೆ ತಿಳಿವಳಿಕೆ ಕೊಡುತ್ತದೆ. ಇವೆರಡರ ನಡುವೆ ಮತ್ತೊಂದು ಬಗೆಯ ಬರಹವಿದೆ. ಅದು ಒಂದು ನಿಲುವನ್ನು ಮುಂದಿಟ್ಟು, ಆ ನಿಲುವನ್ನು ಇನ್ನೂ ಒಪ್ಪದಿರುವ ಓದುಗನನ್ನು ಒಪ್ಪಿಗೆಯ ಕಡೆಗೆ ನಡೆಸಲು ಪ್ರಯತ್ನಿಸುತ್ತದೆ. ಈ ಬರಹಕ್ಕೆ ನಮ್ಮಲ್ಲಿ ಸ್ಥಿರವಾದ ಹೆಸರಿಲ್ಲ. ವೈಚಾರಿಕ ಸಾಹಿತ್ಯವೆಂಬ ವಿಶಾಲ ವರ್ಗದೊಳಗೆ ಅದು ಸೇರಿಹೋಗಿದೆ. ಪ್ರಸ್ತುತ ಲೇಖನದಲ್ಲಿ ಅದನ್ನು ‘ವಾದಪ್ರಬಂಧ’ ಎಂದು ಕರೆದು, ಅದರ ಬಲ ಎಲ್ಲಿದೆಯೆಂಬುದನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಹೆಸರಿಲ್ಲದ ಪ್ರಕಾರಕ್ಕೆ ವಿಮರ್ಶೆಯೂ ಬೆಳೆಯುವುದು ಕಷ್ಟ. ಛಂದಸ್ಸನ್ನು ಕುರಿತು, ಕಾದಂಬರಿಯ ತಂತ್ರವನ್ನು ಕುರಿತು ಕನ್ನಡದಲ್ಲಿ ವಿಪುಲವಾದ ಚರ್ಚೆ ನಡೆದಿದೆ. ಆದರೆ ಒಂದು ಲೇಖನ ತನ್ನ ಓದುಗನನ್ನು ಒಪ್ಪಿಸುವಲ್ಲಿ ಹೇಗೆ ಗೆದ್ದಿತು, ಎಲ್ಲಿ ಸೋತಿತು ಎಂಬ ಪ್ರಶ್ನೆಯನ್ನು ನಾವು ಅಪರೂಪಕ್ಕೆ ಕೇಳಿಕೊಳ್ಳುತ್ತೇವೆ. ಲೇಖನದ ತೀರ್ಮಾನ ಸರಿಯೇ ತಪ್ಪೇ ಎಂಬ ವಿಚಾರಕ್ಕೆ ನೇರವಾಗಿ ಹೋಗಿಬಿಡುತ್ತೇವೆ. ಸರಿಯಾದ ತೀರ್ಮಾನವೂ ದುರ್ಬಲವಾದ ವಾದದಿಂದಾಗಿ ಓದುಗನಿಂದ ತಿರಸ್ಕೃತವಾಗಬಹುದೆಂಬುದು ಗಮನಕ್ಕೆ ಬರುವುದಿಲ್ಲ.

ಹೊರನಾಡಿನಲ್ಲಿ ಕನ್ನಡದ ಕೆಲಸ ಮಾಡುವವರಿಗೆ ಈ ಪ್ರಶ್ನೆ ಹೆಚ್ಚು ಒತ್ತಾಯದ್ದು. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಹಲ್ಮಿಡಿ ಶಾಸನವೆಂದರೆ ಸಾಕು, ಮುಂದಿನ ಮಾತಿಗೆ ಹೋಗಬಹುದು. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ವಿಚಾರಸಂಕಿರಣದಲ್ಲಿ ಎದುರು ಕುಳಿತವರು ತಮಿಳು, ತೆಲುಗು, ಮರಾಠಿ ವಿದ್ವಾಂಸರಾಗಿರಬಹುದು, ಇತಿಹಾಸಕಾರರಾಗಿರಬಹುದು. ಶಾಸನದಲ್ಲಿ ತೇದಿ ಇಲ್ಲದಿರುವಾಗ ಅದರ ಕಾಲವನ್ನು ಹೇಗೆ ನಿರ್ಧರಿಸಿದಿರಿ ಎಂಬುದು ಅಲ್ಲಿ ಮೊದಲ ಪ್ರಶ್ನೆ. ಈ ಪ್ರಶ್ನೆಯಲ್ಲಿ ದ್ವೇಷವಿಲ್ಲ. ನಮ್ಮ ಪೂರ್ವಗ್ರಹಿಕೆಗಳು ಅವರವಲ್ಲ, ಅಷ್ಟೆ. ಅಂಥ ಓದುಗನನ್ನು ಎದುರಿಗೆ ಇಟ್ಟುಕೊಂಡು ಬರೆಯುವುದು ಹೇಗೆ? ನಮ್ಮ ಉತ್ತರವನ್ನು ಮೊದಲೇ ಹೇಳುವುದು ಯುಕ್ತ. ವಾದಪ್ರಬಂಧದ ಶಕ್ತಿಯನ್ನು ಅದು ತನ್ನ ಪೂರ್ವಪಕ್ಷವನ್ನು ನಡೆಸಿಕೊಳ್ಳುವ ರೀತಿಯಿಂದ ಅಳೆಯಬೇಕು. ಎದುರಾಳಿಯೇ ಓದಿ ‘ಹೌದು, ನನ್ನ ಮಾತು ಇದೇ’ ಎನ್ನುವಂತೆ ಪೂರ್ವಪಕ್ಷವನ್ನು ಬರೆಯಬಲ್ಲವನು ಮಾತ್ರ ಅವನನ್ನು ಅಲ್ಲಿಂದ ಕದಲಿಸಬಲ್ಲ.

೨

ಇನ್ನೊಬ್ಬರ ಮನಸ್ಸನ್ನು ನಮ್ಮ ಕಡೆಗೆ ತಿರುಗಿಸುವ ಕ್ರಿಯೆಗೆ ಕನ್ನಡದಲ್ಲಿ ಹಲವು ಧಾತುಗಳಿವೆ. ಅವುಗಳ ಅರ್ಥಚ್ಛಾಯೆಗಳು ಪ್ರಸ್ತುತ ವಿಷಯಕ್ಕೆ ಉಪಯುಕ್ತವಾಗಿವೆ.

‘ನಂಬಿಸು’ ಎಂಬ ಕ್ರಿಯೆಯಲ್ಲಿ ಒಂದು ಅಪಾಯದ ನೆರಳಿದೆ. ನಂಬಿಸಿ ಕೈಕೊಟ್ಟ ಎನ್ನುತ್ತೇವೆ; ನಂಬಿದವನು ಪರೀಕ್ಷಿಸಲಿಲ್ಲ ಎಂಬ ಧ್ವನಿ ಅಲ್ಲಿದೆ. ‘ಒಪ್ಪಿಸು’ ಎಂಬುದಕ್ಕೆ ಸಮ್ಮತಿಸುವಂತೆ ಮಾಡು ಎಂಬ ಅರ್ಥದ ಜೊತೆಗೆ ವಶಕ್ಕೆ ಕೊಡು, ಕಂಠಪಾಠ ಮಾಡಿ ಹೇಳು ಎಂಬ ಅರ್ಥಗಳೂ ಇವೆ. ಪಾಠ ಒಪ್ಪಿಸುವ ಹುಡುಗನು ಪಾಠವನ್ನು ಒಪ್ಪಿಕೊಂಡಿರಬೇಕೆಂದಿಲ್ಲ. ‘ಮನವೊಲಿಸು’ ಎಂಬಲ್ಲಿ ಒಲವು ಮುಖ್ಯ. ಮುನಿದವರನ್ನು, ದೂರ ಸರಿದವರನ್ನು ಹತ್ತಿರ ತರುವ ಕೆಲಸ ಅದು. ‘ಮನಗಾಣಿಸು’ ಎಂಬ ಮಾತು ಇವೆಲ್ಲಕ್ಕಿಂತ ಭಿನ್ನವಾದುದು. ಇಲ್ಲಿ ಕಾಣುವುದು ಓದುಗನ ಮನಸ್ಸು. ಬರೆಯುವವನು ಬೆಳಕು ಹಿಡಿಯುತ್ತಾನೆ, ತೋರಿಸುತ್ತಾನೆ. ಕಾಣುವ ಕೆಲಸವನ್ನು ಓದುಗನ ಪರವಾಗಿ ಮಾಡಲಾರ.

ವಾದಪ್ರಬಂಧದಲ್ಲಿ ಒಲಿಸುವಿಕೆಯೂ ಮನಗಾಣಿಸುವಿಕೆಯೂ ಬೇಕು. ಆದರೆ ಇವುಗಳ ಅನುಕ್ರಮ ಮುಖ್ಯವಾದುದು. ಒಲವಿನಿಂದ ಓದುಗ ಕಿವಿಗೊಡುತ್ತಾನೆ, ಕಂಡದ್ದರಿಂದ ಒಪ್ಪುತ್ತಾನೆ. ಒಲವಿನಿಂದಲೇ ಒಪ್ಪಿಗೆಯನ್ನು ಪಡೆಯಲೆತ್ತಿಸುವ ಬರಹ, ಓದುಗನ ಒಲವು ಬೇರೆ ಕಡೆಗಿದ್ದ ಕ್ಷಣದಲ್ಲಿ ನಿಸ್ಸಹಾಯವಾಗುತ್ತದೆ.

೩

ಗೌತಮನ ನ್ಯಾಯಸೂತ್ರ ವಾಗ್ವ್ಯವಹಾರವನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ಪಕ್ಷ ಪ್ರತಿಪಕ್ಷಗಳೆರಡನ್ನೂ ಪ್ರಮಾಣ ತರ್ಕಗಳಿಂದ ಪರಿಶೀಲಿಸಿ ತತ್ತ್ವವನ್ನು ನಿರ್ಣಯಿಸುವುದು ವಾದ. ಗೆಲವನ್ನೇ ಗುರಿಯಾಗಿಟ್ಟುಕೊಂಡು ಛಲ, ಜಾತಿ, ನಿಗ್ರಹಸ್ಥಾನಗಳನ್ನೂ ಬಳಸುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದು ಮಾತ್ರ ವಿತಂಡ. ಕನ್ನಡದ ದಿನಬಳಕೆಯಲ್ಲಿ ‘ವಿತಂಡವಾದ’ ಉಳಿದುಕೊಂಡಿದೆ. ‘ಜಲ್ಪ’ ಬಹುಮಟ್ಟಿಗೆ ಮರೆತುಹೋಗಿದೆ. ಜಲ್ಪವನ್ನೇ ವಾದವೆಂದು ಕರೆಯುವ ರೂಢಿಗೆ ಈ ಮರೆವು ಒಂದು ಕಾರಣವಾಗಿರಬಹುದು.

ಅನುಮಾನವನ್ನು ಪರರಿಗೆ ತಿಳಿಸುವಾಗ ಬೇಕಾಗುವ ಐದು ಅವಯವಗಳನ್ನೂ ಇದೇ ಶಾಸ್ತ್ರ ಹೇಳುತ್ತದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇರುವಂತೆ, ಈ ಬೆಟ್ಟವೂ ಅಂಥದು, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ತರ್ಕದ ಪಾಠದಲ್ಲಿ ಸವೆದ ಈ ನಿದರ್ಶನದಲ್ಲಿ ಅಡುಗೆಮನೆಯ ಪಾತ್ರವನ್ನು ನಾವು ಗಮನಿಸಬೇಕು. ದೃಷ್ಟಾಂತವೆಂದರೆ ಲೌಕಿಕನಿಗೂ ಪರೀಕ್ಷಕನಿಗೂ ಸಮಾನವಾದ ತಿಳಿವಳಿಕೆ ಇರುವ ವಿಷಯವೆಂದು ನ್ಯಾಯಸೂತ್ರ ಹೇಳುತ್ತದೆ. ಅಂದರೆ ವಾದ ಮುಂದುವರಿಯಬೇಕಾದರೆ ಇಬ್ಬರೂ ಮೊದಲೇ ಒಪ್ಪಿರುವ ಒಂದು ನೆಲ ಬೇಕು. ಕನ್ನಡ ಓದುಗನ ಅಡುಗೆಮನೆ ಮರಾಠಿ ಓದುಗನ ಅಡುಗೆಮನೆಯಾಗಿರಬೇಕೆಂದಿಲ್ಲ. ಕನ್ನಡಿಗನಿಗೆ ಪಂಪನ ಹೆಸರು ದೃಷ್ಟಾಂತವಾಗಬಲ್ಲುದು; ಪಂಪನನ್ನು ಓದದವನಿಗೆ ಅದೂ ಸಾಧಿಸಬೇಕಾದ ಇನ್ನೊಂದು ಪ್ರತಿಜ್ಞೆಯಾಗಿಬಿಡುತ್ತದೆ.

ಅಲಂಕಾರಶಾಸ್ತ್ರವೂ ಇಲ್ಲಿ ನೆರವಿಗೆ ಬರುತ್ತದೆ. ಓರುಗಲ್ಲಿನ ಕಾಕತೀಯ ಪ್ರತಾಪರುದ್ರನ ಆಶ್ರಯದಲ್ಲಿದ್ದ ವಿದ್ಯಾನಾಥ ತನ್ನ ಪ್ರತಾಪರುದ್ರೀಯದಲ್ಲಿ ಉಪದೇಶದ ಮೂರು ಬಗೆಗಳನ್ನು ಹೇಳುತ್ತಾನೆ. ವೇದದ್ದು ಪ್ರಭುಸಮ್ಮಿತ, ಅಲ್ಲಿ ಶಬ್ದವೇ ಪ್ರಧಾನ, ಪುರಾಣದ್ದು ಸುಹೃತ್ಸಮ್ಮಿತ, ಅಲ್ಲಿ ಅರ್ಥ ಪ್ರಧಾನ, ಕಾವ್ಯದ್ದು ಕಾಂತಾಸಮ್ಮಿತ. ಈ ವಿಭಾಗವನ್ನು ಗದ್ಯಕ್ಕೆ ಅನ್ವಯಿಸುವುದಾದರೆ ವಾದಪ್ರಬಂಧದ ಸಹಜವಾದ ಸ್ಥಾನ ಸುಹೃತ್ಸಮ್ಮಿತದಲ್ಲಿ. ಗೆಳೆಯನಿಗೆ ಅಪ್ಪಣೆ ಕೊಡುವ ಅಧಿಕಾರವಿಲ್ಲ, ಕೇವಲ ಮಾತಿನ ಚೆಲುವಿನಿಂದ ಸೆಳೆಯುವ ಹಂಗೂ ಇಲ್ಲ. ಕಾರಣಗಳನ್ನು ಮುಂದಿಟ್ಟು ನಿರ್ಧಾರವನ್ನು ಕೇಳುವವನಿಗೇ ಬಿಡುತ್ತಾನೆ. ನಮ್ಮ ಅನೇಕ ವೈಚಾರಿಕ ಲೇಖನಗಳು ಒಂದು ಪುಟದಲ್ಲಿ ಪ್ರಭುವಿನ ಧ್ವನಿಯಲ್ಲಿ ಆಜ್ಞಾಪಿಸಿ ಮರುಪುಟದಲ್ಲಿ ಕಾವ್ಯದ ಧ್ವನಿಗೆ ಜಾರುತ್ತವೆ. ನಡುವಿನ ಗೆಳೆಯನ ಧ್ವನಿ ಕೇಳಿಸುವುದಿಲ್ಲ.

ಗೆಳೆಯನ ಮಾತೂ ಸೋಲುವುದುಂಟು. ಅದು ಏಕೆ ಸೋಲುತ್ತದೆ ಎಂಬುದಕ್ಕೆ ಕುಮಾರವ್ಯಾಸನ ಉದ್ಯೋಗಪರ್ವದ ಕೃಷ್ಣ ಕರ್ಣರ ಪ್ರಸಂಗಕ್ಕಿಂತ ಉತ್ತಮವಾದ ನಿದರ್ಶನ ಸಿಗುವುದು ಕಷ್ಟ. ಸಂಧಾನ ಮುರಿದು ಹಿಂದಿರುಗುವ ಕೃಷ್ಣ ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸಿ, ರಾಜ್ಯ ಅವನದೇ ಎನ್ನುತ್ತಾನೆ. ಹೇಳಿದ ಸಂಗತಿ ಸತ್ಯ. ಹೇಳಿದ ಕ್ರಮ ನಿಪುಣವಾದುದು. ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣು ತುಂಬುತ್ತದೆ. ಆದರೂ ಅವನು ಪಕ್ಷ ಬದಲಿಸುವುದಿಲ್ಲ. ಕೃಷ್ಣನ ಹೇತು ವಂಶ ಮತ್ತು ರಾಜ್ಯ. ಕರ್ಣನ ಬದುಕು ನಿಂತಿರುವುದು ದುರ್ಯೋಧನನ ಋಣದ ಮೇಲೆ. ಆ ಋಣವೆಂಬ ಪೂರ್ವಪಕ್ಷಕ್ಕೆ ಕೃಷ್ಣನ ಮಾತಿನಲ್ಲಿ ಉತ್ತರವಿಲ್ಲ. ಕರ್ಣ ಅಲುಗಿದ, ಆದರೆ ಕದಲಲಿಲ್ಲ. ಭಾವವನ್ನು ಕಲಕಿದ ಮಾತ್ರಕ್ಕೆ ನಿಲುವು ಬದಲಾಯಿತೆಂದು ತಿಳಿಯಬಾರದು ಎಂಬುದನ್ನು ವಾದಪ್ರಬಂಧದ ಲೇಖಕ ಇಲ್ಲಿ ಕಲಿಯಬಹುದು.

೪

ಈ ತಾತ್ವಿಕ ಹಿನ್ನೆಲೆಯಲ್ಲಿ ಇಪ್ಪತ್ತನೆಯ ಶತಮಾನದ ನಾಲ್ಕು ಬರಹಗಳನ್ನು ಅವುಗಳ ಶೀರ್ಷಿಕೆಗಳ ಮೂಲಕ ನೋಡಬಹುದು. ಶೀರ್ಷಿಕೆಯೆಂಬುದು ಲೇಖಕ ಓದುಗನೊಡನೆ ಆಡುವ ಮೊದಲ ಮಾತು. ಓದುಗನನ್ನು ಅವನು ಯಾರೆಂದು ಭಾವಿಸಿದ್ದಾನೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

೧೯೧೧ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆಯೆತ್ತುವ ಬಗೆ’. ಕನ್ನಡಾಭಿಮಾನಿಗಳ ಸಭೆಯಲ್ಲಿ ಇಂಗ್ಲಿಷ್ ಅಧ್ಯಾಪಕರೊಬ್ಬರು ಆಡಿದ ಮಾತು ಅದು. ‘ತಲೆಯೆತ್ತುವ’ ಎಂಬ ಪದದಲ್ಲಿ ತಲೆ ಬಾಗಿದೆ ಎಂಬ ಅಪ್ರಿಯ ಸಂಗತಿ ಅಡಗಿದೆ. ‘ಬಗೆ’ ಎಂಬ ಪದ ಹೊಗಳಿಕೆಯ ಬದಲು ಉಪಾಯವನ್ನು ಹೇಳುವ ಹೊಣೆಯನ್ನು ಹೊರುತ್ತದೆ. ‘ಭಾಷೆ’ ಎನ್ನದೆ ‘ಮಾತು’ ಎಂದುದರಲ್ಲಿ ಅವರು ಬಯಸಿದ ಆಡುನುಡಿಗೆ ಹತ್ತಿರವಾದ ಹೊಸ ಶೈಲಿಯ ಮಾದರಿಯೇ ಇದೆ. ಹೀಗೆ ಪ್ರತಿಜ್ಞೆ, ಅದಕ್ಕೆ ಬೇಕಾದ ಕಹಿಯಾದ ಒಪ್ಪಿಗೆ, ದೃಷ್ಟಾಂತ ಮೂರೂ ನಾಲ್ಕೇ ಪದಗಳಲ್ಲಿ ಬಂದಿವೆ. ೧೯೨೬ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’ ಆ ಪ್ರತಿಜ್ಞೆಗೆ ಅವರೇ ಒದಗಿಸಿದ ದೊಡ್ಡ ಉದಾಹರಣೆ. ವಾದದಿಂದ ಹೇಳಿದ್ದನ್ನು ಕೃತಿಯಿಂದ ತೋರಿಸಿದ ಇಂಥ ಪ್ರಸಂಗ ನಮ್ಮಲ್ಲಿ ವಿರಳ.

ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ (೧೯೧೭) ಬೇರೆ ಓದುಗನನ್ನು ಉದ್ದೇಶಿಸಿದೆ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ, ತನ್ನ ಇತಿಹಾಸವನ್ನು ಮರೆತಿದ್ದ ಕನ್ನಡಿಗ ಆ ಓದುಗ. ಅವನಿಗೆ ಎದುರುಪಕ್ಷವೆಂಬುದಿಲ್ಲ, ವಿಸ್ಮೃತಿಯಿದೆ. ಆದ್ದರಿಂದ ಆ ಕೃತಿ ಪೂರ್ವಪಕ್ಷವನ್ನು ಎದುರಿಸುವುದಕ್ಕಿಂತ ನೆನಪನ್ನು ಎಬ್ಬಿಸುವುದರಲ್ಲಿ ತನ್ನ ಶಕ್ತಿಯನ್ನು ವಿನಿಯೋಗಿಸುತ್ತದೆ. ಅದರ ಸಂದರ್ಭದಲ್ಲಿ ಅದು ಸರಿಯಾದ ಆಯ್ಕೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರರು ವಾದಕ್ರಮವನ್ನು ಅರಿಯದವರೇನೂ ಅಲ್ಲ. ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ಅವರು. ಹಿಂದಿನ ಭಾಷ್ಯಕಾರರ ಪಕ್ಷಗಳನ್ನು ವಿಸ್ತಾರವಾಗಿ ಮಂಡಿಸಿ ಅನಂತರ ಕರ್ಮಯೋಗದ ಸಿದ್ಧಾಂತಕ್ಕೆ ಬರುವ ಗ್ರಂಥ ಅದು. ಕೃತಿ ಯಾರಿಗಾಗಿ ಎಂಬುದು ಅದರ ರಚನೆಯನ್ನು ನಿರ್ಧರಿಸಿತು. ತೊಡಕು ಹುಟ್ಟಿದ್ದು, ಗತವೈಭವದ ಶೈಲಿಯನ್ನು ಅನಂತರದವರು ಎಲ್ಲ ಓದುಗರಿಗೂ ಎಲ್ಲ ಕಾಲಕ್ಕೂ ಸಲ್ಲುವ ಶೈಲಿಯೆಂದು ಬಳಸತೊಡಗಿದಾಗ.

ಶಂ.ಬಾ. ಜೋಶಿಯವರ ದಾರಿ ಇನ್ನೊಂದು. ಮಹಾರಾಷ್ಟ್ರದ ಸಂಸ್ಕೃತಿಯ ತಳದಲ್ಲಿ ಕನ್ನಡದ ಪದರವಿದೆಯೆಂಬ ತಮ್ಮ ವಿಚಾರವನ್ನು ಅವರು ಕನ್ನಡದಲ್ಲಿ ಬರೆದು ತೃಪ್ತರಾಗಲಿಲ್ಲ. ಮರಾಠಿಯಲ್ಲಿಯೇ ಗ್ರಂಥವನ್ನು ಬರೆದರು. ಅದರ ಹೆಸರು ‘ಮರ್‍ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ’. ಒಪ್ಪಬೇಕಾದವನ ಭಾಷೆಯಲ್ಲಿ, ಅವನ ಆಕರಗಳೊಂದಿಗೆ, ‘ಕೆಲವು ಸಮಸ್ಯೆಗಳು’ ಎಂಬ ಪ್ರಶ್ನಾರೂಪದ ಹೆಸರಿನಲ್ಲಿ ಅವರು ಮಾತಿಗೆ ತೊಡಗಿದರು. ಅವರ ವ್ಯುತ್ಪತ್ತಿಗಳಲ್ಲಿ ಹಲವನ್ನು ಭಾಷಾವಿಜ್ಞಾನ ಒಪ್ಪಲಾರದು. ಒಂದು ಪದದ ಮೇಲೆ ಅದು ಹೊರಲಾರದಷ್ಟು ಇತಿಹಾಸವನ್ನು ಹೇರುವುದು ಅವರ ವಾದದ ದುರ್ಬಲ ಭಾಗ. ಆದರೂ ಎದುರಾಳಿಯ ಮನೆಗೇ ಹೋಗಿ ಮಾತನಾಡಬೇಕೆಂಬ ಅವರ ಬೌದ್ಧಿಕ ನೈತಿಕತೆ, ಹೊರನಾಡಿನ ಸಂಶೋಧಕರಿಗೆ ಇಂದಿಗೂ ಆದರ್ಶವಾಗಬೇಕಾದುದು.

ಹತ್ತಿರದ ವಿಷಯವನ್ನು ಮರಾಠಿಯ ಒಳಗಿನಿಂದಲೇ ಎತ್ತಿಕೊಂಡವರು ರಾ.ಚಿಂ. ಢೇರೆ. ಅವರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ (೧೯೮೪) ಪಂಢರಪುರದ ವಿಠ್ಠಲನ ಮೂಲವನ್ನು ದಕ್ಷಿಣದ ಗೋಪಾಲಕ, ಕುರುಬ ಸಮುದಾಯಗಳ ದೈವದಲ್ಲಿ ಗುರುತಿಸುತ್ತದೆ. ಮರಾಠಿ ಭಕ್ತ ಓದುಗನಿಗೆ ಇದು ಸುಲಭವಾಗಿ ಸಹ್ಯವಾಗುವ ಮಾತಲ್ಲ. ಢೇರೆಯವರು ಕೊಲ್ಲಾಪುರ ಜಿಲ್ಲೆಯ ಪಟ್ಟಣ ಕೊಡೋಲಿಯಲ್ಲಿ ಇಂದಿಗೂ ಪೂಜೆಗೊಳ್ಳುವ ವಿಠ್ಠಲ ಬೀರಪ್ಪರ ಜೋಡಿಯನ್ನು ತೋರಿಸುತ್ತಾರೆ. ಓದುಗ ಹೋಗಿ ನೋಡಬಹುದಾದ ದೃಷ್ಟಾಂತ ಅದು. ವಿಠ್ಠಲನನ್ನು ‘ಕಾನಡಾ’ ಎಂದು ಕರೆಯುವ, ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗ ವಾರಕರಿ ಪರಂಪರೆಯ ಒಳಗೇ ಇದೆ. ಕೊನೆಗೆ ಶೀರ್ಷಿಕೆಯಲ್ಲಿರುವ ‘ಮಹಾಸಮನ್ವಯ’ ಎಂಬ ಪದ, ಓದುಗನಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲವೆಂಬ ಆಶ್ವಾಸನೆ ಕೊಡುತ್ತದೆ. ಅವನ ದೇವರು ಚಿಕ್ಕದಾಗಲಿಲ್ಲ. ಅವನ ಊರಿಗಿಂತ ದೊಡ್ಡದಾದ. ಹಳೆಯ ನಿಲುವನ್ನು ಬಿಟ್ಟುಬಂದ ಓದುಗನಿಗೆ ನಿಲ್ಲಲು ಹೊಸ ನೆಲೆಯೊಂದನ್ನು ಕಟ್ಟಿಕೊಡುವುದು ವಾದಪ್ರಬಂಧದ ಬಹು ಮುಖ್ಯ ಕೆಲಸವೆಂದು ಈ ಗ್ರಂಥ ತೋರಿಸಿಕೊಡುತ್ತದೆ. ಅದು ೧೯೮೭ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತೆಂಬುದು ಗಮನಾರ್ಹ.

೫

ಈಗ ನಮಗೆ ಅತ್ಯಂತ ಹತ್ತಿರದ ವಾದವೊಂದನ್ನು ಪರೀಕ್ಷಿಸಬಹುದು. ಕೇಂದ್ರ ಸರ್ಕಾರ ೨೦೦೪ರಲ್ಲಿ ತಮಿಳಿಗೆ, ೨೦೦೫ರಲ್ಲಿ ಸಂಸ್ಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ನೀಡಿದ ಅನಂತರ, ಕನ್ನಡಕ್ಕೂ ಆ ಸ್ಥಾನ ಸಲ್ಲಬೇಕೆಂದು ಅಸಂಖ್ಯ ಲೇಖನಗಳು ಬಂದವು. ೨೦೦೮ರ ಅಕ್ಟೋಬರ್ ೩೧ರಂದು ಕನ್ನಡ ತೆಲುಗುಗಳಿಗೆ ಒಟ್ಟಿಗೆ ಆ ಸ್ಥಾನ ದೊರೆಯಿತು. ಮುಂದೆ ಮಲಯಾಳಂ (೨೦೧೩), ಒಡಿಯಾ (೨೦೧೪), ೨೦೨೪ರಲ್ಲಿ ಮರಾಠಿ, ಪಾಲಿ, ಪ್ರಾಕೃತ, ಅಸ್ಸಾಮಿ, ಬಂಗಾಳಿ ಸೇರಿದವು. ಸ್ಥಾನ ದೊರೆತ ಮೇಲೆ ವಾದ ಮುಗಿಯಿತೆಂದು ಭಾವಿಸುವಂತಿಲ್ಲ. ಸರ್ಕಾರದ ಆದೇಶ ಪ್ರಭುಸಮ್ಮಿತ. ವಿದ್ವತ್ತಿನ ಒಪ್ಪಿಗೆ ಬೇರೆಯದೇ ಆದುದು.

ಈ ಲೇಖನಗಳ ಸಾಮಾನ್ಯವಾದ ದೋಷ ನ್ಯಾಯಶಾಸ್ತ್ರ ವಾಕ್ಛಲವೆಂದು ಕರೆಯುವ ಬಗೆಯದು. ‘ನವಕಂಬಲ’ ಎಂದು ಹೊಸ ಕಂಬಳಿ ಹೊದ್ದವನನ್ನು ಕುರಿತು ಹೇಳಿದರೆ, ಒಂಬತ್ತು ಕಂಬಳಿಗಳು ಎಲ್ಲಿವೆ ಎಂದು ಕೇಳುವುದು ಅದರ ಪ್ರಸಿದ್ಧ ನಿದರ್ಶನ. ‘ಪ್ರಾಚೀನತೆ’ ಎಂಬ ಪದಕ್ಕೆ ನಮ್ಮ ಲೇಖನಗಳಲ್ಲಿ ಇದೇ ಗತಿಯಾಗುತ್ತದೆ. ಆಡುನುಡಿಯ ಪ್ರಾಚೀನತೆ, ಬರಹದ ಪ್ರಾಚೀನತೆ, ಸಾಹಿತ್ಯದ ಪ್ರಾಚೀನತೆ ಇವು ಮೂರು ಬೇರೆ ಬೇರೆ ಸಂಗತಿಗಳು. ಮೊದಲನೆಯದರಲ್ಲಿ ಒಂದೇ ಮೂಲದಿಂದ ಬಂದ ದ್ರಾವಿಡ ಭಾಷೆಗಳ ನಡುವೆ ಹಿರಿಕಿರಿತನದ ಪ್ರಶ್ನೆಗೆ ಹೆಚ್ಚಿನ ಅರ್ಥವಿಲ್ಲ. ಎರಡನೆಯದಕ್ಕೆ ಶಾಸನ ಸಾಕ್ಷಿ. ಮೂರನೆಯದಕ್ಕೆ ಗ್ರಂಥ ಸಾಕ್ಷಿ. ಬ್ರಹ್ಮಗಿರಿಯ ಅಶೋಕಶಾಸನದ ‘ಇಸಿಲ’ ಎಂಬ ಸ್ಥಳನಾಮ ಕನ್ನಡವೆಂದು ಸಾಧಿಸಿ, ಅದರಿಂದ ಸಾಹಿತ್ಯದ ಪ್ರಾಚೀನತೆಗೆ ನೆಗೆದರೆ ಎಚ್ಚರದ ಓದುಗ ಅಲ್ಲಿಯೇ ಪುಸ್ತಕ ಮುಚ್ಚುತ್ತಾನೆ.

ಎರಡನೆಯ ದೋಷ ಹೇತುಗಳ ಕ್ರಮದ್ದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಒಂದರಲ್ಲಿ ಖಾರಿಟಿಯಾನ್ ಪ್ರಹಸನವೆಂದು ಕರೆಯಲಾಗುವ ಗ್ರೀಕ್ ನಾಟಕದ ಭಾಗವಿದೆ. ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು ೧೯೦೩ರಲ್ಲಿ ಪ್ರಕಟಿಸಿದರು. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ತರುಣಿಯ ಕಥೆಯದು. ಅಲ್ಲಿನವರು ಆಡುವ ಅಪರಿಚಿತ ಭಾಷೆಯ ಮಾತುಗಳು ಗ್ರೀಕ್ ಲಿಪಿಯಲ್ಲಿವೆ. ಅವು ಕನ್ನಡವೆಂದು ೧೯೦೪ರಲ್ಲಿ ಹುಲ್ಶ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಆ ಸೂಚನೆಯನ್ನು ಬೆಳೆಸಿದರು. ೧೯೨೬ರಲ್ಲಿ ಎಲ್.ಡಿ. ಬಾರ್ನೆಟ್ ಅದನ್ನು ನಿರಾಕರಿಸಿ ಬರೆದರು. ಆ ಮಾತುಗಳು ತುಳುವೆಂಬ ವಾದವೂ, ಹಾಸ್ಯಕ್ಕಾಗಿ ಹೆಣೆದ ಅರ್ಥಹೀನ ಧ್ವನಿಗಳೆಂಬ ವಾದವೂ ಇವೆ. ಪರಭಾಷೆಯ ಲಿಪಿಯಲ್ಲಿರುವ, ಪದವಿಭಾಗ ಖಚಿತವಿಲ್ಲದ ಪಾಠದಲ್ಲಿ ಓದುಗನ ಬಯಕೆಗೆ ಅವಕಾಶ ಬಹಳ. ಇಷ್ಟೊಂದು ವಿವಾದಗ್ರಸ್ತವಾದ ಸಾಕ್ಷ್ಯವನ್ನು ಲೇಖನದ ಮೊದಲಿಗೇ ಇರಿಸಿ, ‘ಎರಡನೆಯ ಶತಮಾನದಲ್ಲಿಯೇ ಕನ್ನಡ ಗ್ರೀಸನ್ನು ತಲುಪಿತ್ತು’ ಎಂದು ಘೋಷಿಸುವ ರೂಢಿಯನ್ನು ನಾವು ಬಲ್ಲೆವು. ಎದುರಾಳಿ ಸದಾ ದುರ್ಬಲವಾದ ಕೊಂಡಿಯನ್ನೇ ಹಿಡಿಯುತ್ತಾನೆ. ಮೊದಲ ಪುಟದಲ್ಲಿಯೇ ಅದನ್ನು ಅವನ ಕೈಗೆ ಕೊಟ್ಟರೆ, ಹಿಂದೆ ಬರುವ ಹಲ್ಮಿಡಿಯ ಸಾಕ್ಷ್ಯವನ್ನು ಅವನು ಅನುಮಾನದ ಕಣ್ಣಿನಿಂದಲೇ ನೋಡುತ್ತಾನೆ.

ಹಾಗಾದರೆ ಬಲವಾದ ಕ್ರಮ ಯಾವುದು? ನಮ್ಮ ದೃಷ್ಟಿಯಲ್ಲಿ ಕವಿರಾಜಮಾರ್ಗದಿಂದ ಆರಂಭಿಸುವುದು. ಸು. ೮೫೦ರ ಈ ಗ್ರಂಥದ ಕಾಲದ ಬಗ್ಗೆ ವಿವಾದ ಕಡಿಮೆ. ನೃಪತುಂಗನೇ ಕರ್ತೃವೋ ಶ್ರೀವಿಜಯನೋ ಎಂಬ ದೀರ್ಘವಾದ ಚರ್ಚೆ ಈ ವಾದವನ್ನು ಬಾಧಿಸುವುದಿಲ್ಲ. ಅದು ದಂಡಿಯ ಕಾವ್ಯಾದರ್ಶಕ್ಕೆ ಋಣಿಯೆಂಬುದನ್ನು ಎದುರಾಳಿ ಹೇಳುವ ಮೊದಲೇ ನಾವು ಹೇಳಬೇಕು. ಅನಂತರ ಅದು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಹೆಸರಿಸುವುದನ್ನು, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಗುರುತಿಸುವುದನ್ನು, ಕನ್ನಡದ ಪ್ರಾದೇಶಿಕ ಭೇದಗಳನ್ನು ಚರ್ಚಿಸುವುದನ್ನು ತೋರಿಸಬೇಕು. ಲಕ್ಷ್ಯವಿಲ್ಲದೆ ಲಕ್ಷಣ ಹುಟ್ಟದು ಎಂಬ ವ್ಯಾಪ್ತಿಯನ್ನು ಯಾವ ಭಾಷೆಯ ವಿದ್ವಾಂಸನೂ ಒಪ್ಪುತ್ತಾನೆ. ಅದು ಎಲ್ಲರ ಅಡುಗೆಮನೆ. ಅಲ್ಲಿಂದ ಹಿಂದಕ್ಕೆ ನಡೆದು, ೧೯೩೬ರಲ್ಲಿ ಎಂ.ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ ಹಲ್ಮಿಡಿ ಶಾಸನಕ್ಕೆ, ಅದರ ಕಾಲ ಸು. ೪೫೦ ಎಂಬುದು ಲಿಪಿ ಮತ್ತು ರಾಜವಂಶದ ಆಧಾರದ ನಿರ್ಣಯವೆಂಬ ಸ್ಪಷ್ಟನೆಯೊಂದಿಗೆ, ಹೋಗಬಹುದು. ಗ್ರೀಕ್ ಪ್ರಹಸನಕ್ಕೆ ಸ್ಥಳವಿರುವುದಾದರೆ ಅದು ಕೊನೆಯಲ್ಲಿ, ಊಹೆಯೆಂಬ ಹಣೆಪಟ್ಟಿಯೊಡನೆ.

೬

ಮೇಲಿನ ಪರಿಶೀಲನೆಯಿಂದ ವಾದಪ್ರಬಂಧದ ರಚನೆಗೆ ಕೆಲವು ಸೂತ್ರಗಳನ್ನು ಸಂಗ್ರಹಿಸಬಹುದು.

ಪ್ರತಿಜ್ಞೆ ಒಂದು ವಾಕ್ಯದಲ್ಲಿ ಹೇಳಲು ಬರುವಂತಿರಬೇಕು. ಅದು ನಿಶ್ಚಯವೋ, ಸಂಭಾವ್ಯವೋ, ಊಹೆಯೋ ಎಂಬುದು ಆ ವಾಕ್ಯದಲ್ಲಿಯೇ ತಿಳಿಯಬೇಕು. ಸಾಧಿಸಬಲ್ಲುದಕ್ಕಿಂತ ದೊಡ್ಡ ಪ್ರತಿಜ್ಞೆ ಮಾಡಿದವನು ಸಾಧಿಸಿದ್ದನ್ನೂ ಕಳೆದುಕೊಳ್ಳುತ್ತಾನೆ.

ಪೂರ್ವಪಕ್ಷ ಲೇಖನದ ಆರಂಭಕ್ಕೆ ಹತ್ತಿರದಲ್ಲಿ, ಅದರ ಅತ್ಯಂತ ಪ್ರಬಲವಾದ ರೂಪದಲ್ಲಿ ಬರಬೇಕು. ‘ಕೆಲವರು ಹೀಗೆಂದು ಭಾವಿಸುತ್ತಾರೆ’ ಎಂಬ ಹೆಸರಿಲ್ಲದ ಎದುರಾಳಿಯನ್ನು ಸೋಲಿಸುವುದು ಸುಲಭ. ಆ ಗೆಲವಿಗೆ ಬೆಲೆಯೂ ಅಷ್ಟೆ. ಎದುರಾಳಿಯಲ್ಲಿ ಒಪ್ಪತಕ್ಕ ಅಂಶವಿದ್ದರೆ ಅದನ್ನು ಅರೆಮನಸ್ಸಿಲ್ಲದೆ ಒಪ್ಪಬೇಕು. ಒಪ್ಪಿದ ಪ್ರತಿಯೊಂದು ಅಂಶವೂ ಒಪ್ಪದ ಅಂಶದ ಮೇಲೆ ಓದುಗನ ಗಮನವನ್ನು ನಿಲ್ಲಿಸುತ್ತದೆ.

ಹೇತುಗಳಲ್ಲಿ ಸಂಖ್ಯೆಗಿಂತ ಸತ್ತ್ವ ಮುಖ್ಯ. ಹತ್ತು ಹೇತುಗಳನ್ನು ಕೊಟ್ಟಾಗ ಒಂದೊಂದೂ ಸಾಲದೆಂದು ಲೇಖಕನೇ ಹೇಳಿದಂತಾಗುತ್ತದೆ. ಮೂರು ಸಾಕು, ಅವುಗಳಲ್ಲಿ ಒಂದಾದರೂ ಏಕಾಂಗಿಯಾಗಿ ನಿಲ್ಲಬಲ್ಲುದಾಗಿರಬೇಕು.

ಭಾಷೆಯ ವಿಷಯದಲ್ಲಿ ಒಂದು ಸರಳವಾದ ಪರೀಕ್ಷೆಯಿದೆ. ‘ನಿಸ್ಸಂದೇಹವಾಗಿ’, ‘ಸರ್ವವಿದಿತವಾದಂತೆ’, ‘ಹೇಳಬೇಕಾದ ಅಗತ್ಯವೇ ಇಲ್ಲ’ ಎಂಬ ಮಾತುಗಳನ್ನು ಲೇಖನದಲ್ಲಿ ಹುಡುಕಿ ನೋಡಬೇಕು. ಬಹಳಷ್ಟು ಸಲ ಪ್ರಮಾಣ ಇಲ್ಲದ ಸ್ಥಳದಲ್ಲಿಯೇ ಅವು ಕುಳಿತಿರುತ್ತವೆ. ವಿಶೇಷಣಗಳ ರಾಶಿಗೂ ಇದೇ ಮಾತು ಸಲ್ಲುತ್ತದೆ.

ನಿಗಮನ ಪ್ರತಿಜ್ಞೆಯ ಪುನರುಕ್ತಿಯಾದರೂ ಬರಿಯ ಪುನರುಕ್ತಿಯಲ್ಲ. ಹೇತುವಿನ ಬೆಂಬಲ ಪಡೆದು ಮರಳಿ ಬಂದ ಪ್ರತಿಜ್ಞೆ ಅದು. ಕರೆ ಕೊಡುವುದು, ಕಣ್ಣೀರು ತರಿಸುವುದು, ಹೊಸ ವಿಷಯವನ್ನು ತೆಗೆಯುವುದು ಅದರ ಕೆಲಸವಲ್ಲ.

೭

ನಮ್ಮ ಈ ನಿಲುವಿಗೂ ಒಂದು ಪ್ರಬಲವಾದ ಪೂರ್ವಪಕ್ಷವಿದೆ. ಚರಿತ್ರೆಯನ್ನು ಬದಲಿಸಿದ ಬರಹಗಳು ಭಾವದಿಂದ ಬದಲಿಸಿದವೇ ಹೊರತು ಪಂಚಾವಯವಗಳಿಂದಲ್ಲ. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದುದರ ಹಿಂದೆ ಗತವೈಭವದಂಥ ಕೃತಿಗಳು ಹುಟ್ಟಿಸಿದ ಆವೇಶವಿದೆ. ಎದುರಾಳಿಗೆ ಇಷ್ಟು ಮರ್ಯಾದೆ ತೋರಿಸುವುದು ಸುಖಾಸನದಲ್ಲಿರುವ ವಿದ್ವಾಂಸರಿಗೆ ಸಾಧ್ಯ. ಅನ್ಯಾಯಕ್ಕೆ ಒಳಗಾದವನು ಅನ್ಯಾಯಗಾರನ ಪಕ್ಷವನ್ನು ಅಷ್ಟು ಸಾವಧಾನದಿಂದ ಮಂಡಿಸಬೇಕೆಂದು ಕೇಳುವುದು ಎಷ್ಟು ನ್ಯಾಯ?

ಈ ಆಕ್ಷೇಪದ ಮೊದಲ ಭಾಗವನ್ನು ನಾವು ಒಪ್ಪುತ್ತೇವೆ. ಒಪ್ಪಿದವರನ್ನು ಕ್ರಿಯೆಗೆ ಹಚ್ಚುವ ಬರಹಕ್ಕೆ ಆವೇಶ ಬೇಕು. ನಾವು ಚರ್ಚಿಸುತ್ತಿರುವುದು ಒಪ್ಪದವರನ್ನು ಕುರಿತ ಬರಹವನ್ನು. ಎರಡನೆಯ ಭಾಗಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ‘ಜಾತಿವಿನಾಶ’ವೇ ಉತ್ತರ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ 1೯೩೬ರ ಅಧಿವೇಶನಕ್ಕಾಗಿ ಸಿದ್ಧಪಡಿಸಿದ ಆ ಅಧ್ಯಕ್ಷ ಭಾಷಣವನ್ನು ಬದಲಿಸಲು ಅವರು ಒಪ್ಪಲಿಲ್ಲ; ಅಧಿವೇಶನ ನಡೆಯಲಿಲ್ಲ; ಭಾಷಣವನ್ನು ಅವರೇ ಪ್ರಕಟಿಸಿದರು. ಅದರಲ್ಲಿ ರೋಷಕ್ಕೆ ಕೊರತೆಯಿಲ್ಲ. ಆದರೂ ಜಾತಿಯೆಂದರೆ ಶ್ರಮವಿಭಜನೆ ಎಂಬ ಸಮರ್ಥನೆಯನ್ನು ಎತ್ತಿಕೊಂಡು, ಅದು ಶ್ರಮಿಕರ ವಿಭಜನೆಯೆಂದು ತೋರಿಸುವ ಕ್ರಮ ಶುದ್ಧವಾದ ವಾದದ್ದು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಪ್ರತಿಕ್ರಿಯಿಸಿದಾಗ, ಅಂಬೇಡ್ಕರ್ ೧೯೩೭ರ ಎರಡನೆಯ ಮುದ್ರಣದಲ್ಲಿ ಆ ಪ್ರತಿಕ್ರಿಯೆಯನ್ನೂ ತಮ್ಮ ಉತ್ತರವನ್ನೂ ಸೇರಿಸಿದರು. ಎದುರಾಳಿಯ ಮಾತಿಗೆ ತಮ್ಮ ಗ್ರಂಥದಲ್ಲಿಯೇ ಜಾಗ ಕೊಟ್ಟರು. ಪೂರ್ವಪಕ್ಷಕ್ಕೆ ಸ್ಥಳ ಕೊಡುವುದು ಬಲಹೀನರ ಸೌಜನ್ಯವಲ್ಲವೆಂದೂ ತನ್ನ ಪಕ್ಷದ ಮೇಲೆ ಪೂರ್ಣವಿಶ್ವಾಸವಿರುವವನ ಲಕ್ಷಣವೆಂದೂ ಇದರಿಂದ ಸಿದ್ಧವಾಗುತ್ತದೆ. ಆವೇಶ ಮತ್ತು ವಾದ ಒಂದೇ ಬರಹದಲ್ಲಿ ಇರಬಲ್ಲವು. ಆವೇಶ ಬರೆಯಲು ಕಾರಣವಾಗಲಿ. ಓದುಗ ಒಪ್ಪಲು ಕಾರಣ ಪ್ರಮಾಣವಾಗಲಿ.

ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತೆಂಬ ಅರ್ಥದ ಮಾತು ಕವಿರಾಜಮಾರ್ಗದಲ್ಲಿದೆ. ಅದನ್ನು ಸಾಮಾನ್ಯವಾಗಿ ಕನ್ನಡಿಗರ ಔದಾರ್ಯಕ್ಕೆ ಪ್ರಮಾಣವಾಗಿ ಎತ್ತಿ ಹೇಳುತ್ತೇವೆ. ಬರೆಯುವವರಿಗೆ ಕೊಟ್ಟ ಸೂಚನೆಯಾಗಿಯೂ ಅದನ್ನು ಓದಲು ಸಾಧ್ಯವಿದೆ. ಪರವಿಚಾರವನ್ನು ಸೈರಿಸುವುದೆಂದರೆ ಅದನ್ನು ಕಂಡೂ ಕಾಣದಂತೆ ಬಿಡುವುದಲ್ಲ; ಪೂರ್ತಿಯಾಗಿ ಕೇಳಿ, ನಮ್ಮ ಪುಟದಲ್ಲಿ ಅದಕ್ಕೆ ಸಲ್ಲುವ ಜಾಗ ಕೊಟ್ಟು, ಅನಂತರ ಉತ್ತರಿಸುವುದು. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ ಪರವಿಚಾರ ಪುಸ್ತಕದ ಸಂಗತಿಯಾಗಿ ಉಳಿದಿಲ್ಲ, ಪಕ್ಕದ ಕೊಠಡಿಯ ಸಂಗತಿಯಾಗಿದೆ. ಎದುರಾಳಿಯನ್ನು ಊಹಿಸಿಕೊಳ್ಳಬೇಕಾದ ಕಷ್ಟ ಅವರಿಗಿಲ್ಲ. ಬಾಗಿಲು ತಟ್ಟಿ ಕೇಳಬಹುದು. ಕನ್ನಡದ ವಾದಪ್ರಬಂಧ ಮುಂದೆ ಬಲಗೊಳ್ಳುವುದಾದರೆ, ಅದಕ್ಕೆ ಬೇಕಾದ ಅಭ್ಯಾಸ ಇಂಥ ಸ್ಥಳಗಳಲ್ಲಿ ನಡೆಯುವ ಸಾಧ್ಯತೆ ಹೆಚ್ಚೆಂದು ನಮ್ಮ ಅಭಿಪ್ರಾಯ.